ಬೀಜೋಕ್ತಿ, ಸಮೀಕರಣ, ನಿತ್ಯಸಮೀಕರಣ: ಮೂರನೆಯ ಹೆಸರು ಸರಿಯೇ?

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ‘ಬೀಜೋಕ್ತಿ ಬಿಡಿಸಿದೆ ಸಾರ್’ ಎಂದು ಪುಸ್ತಕ ತೋರಿಸುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. 4ಯ + 3 ಎಂದಷ್ಟೇ ಕೊಟ್ಟಿದ್ದರೂ ತಾವೇ ಮುಂದೆ ‘= 0’ ಸೇರಿಸಿ, ಯ = –3/4 ಎಂದು ಅಡಿಗೆರೆ ಎಳೆದಿರುತ್ತಾರೆ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಯಾರೂ ಕೇಳದ ಪ್ರಶ್ನೆಗೆ ಉತ್ತರ.

ಶಂಕರಪುರ ಮಲ್ಲಿಗೆಯ ಲೆಕ್ಕ ಇಲ್ಲಿನವರಿಗೆ ಗೊತ್ತು: 4 ಚೆಂಡು (ಕಟ್ಟಿದ ಹೂವಿನ ಕಟ್ಟು) ಸೇರಿದರೆ ಒಂದು ಅಟ್ಟೆ. ‘ಯ’ ಅಟ್ಟೆ, ಮೇಲೆ 3 ಚೆಂಡು ಇದ್ದರೆ ಒಟ್ಟು 4ಯ + 3 ಚೆಂಡು. ಇದು ಬೀಜೋಕ್ತಿ. ಯ 2 ಆದರೆ 11, 5 ಆದರೆ 23. ಬೆಲೆ ಬದಲಾಗುತ್ತದೆಯೇ ಹೊರತು ನಿಜ, ಸುಳ್ಳು ಎನ್ನಲು ಏನೂ ಇಲ್ಲ. ‘ಇವತ್ತು ಬಂದದ್ದು 23 ಚೆಂಡು’ ಎಂದ ಕೂಡಲೇ 4ಯ + 3 = 23 ಆಯಿತು. ಇದು ಸಮೀಕರಣ, ಯ 5 ಆದರೆ ಮಾತ್ರ ನಿಜ. ಹಾಗಾಗಿ ಬೀಜೋಕ್ತಿಯನ್ನು ಸಂಕ್ಷೇಪಿಸಬಹುದು, ಅಪವರ್ತಿಸಬಹುದು, ಅದರ ಬೆಲೆ ಕಂಡುಹಿಡಿಯಬಹುದು. ಬಿಡಿಸುವುದು ಸಮೀಕರಣವನ್ನು.

ಮಕ್ಕಳ ಗೊಂದಲಕ್ಕೆ ‘ಉಕ್ತಿ’ಯೂ ಸ್ವಲ್ಪ ಕಾರಣವೇನೋ ಎಂಬುದು ನನ್ನ ಗುಮಾನಿ. ಲೋಕೋಕ್ತಿ, ಸೂಕ್ತಿ ಎರಡೂ ಪೂರ್ತಿ ಮಾತುಗಳು. ಬೀಜೋಕ್ತಿಯಾದರೋ ಕ್ರಿಯಾಪದವಿಲ್ಲದ ಪದಪುಂಜದ ಹಾಗೆ. ವಾಕ್ಯವಾಗುವುದು ಸಮಚಿಹ್ನೆ ಬಿದ್ದಾಗಲೇ.

ಇನ್ನು ‘ಸಮೀಕರಣ’. ಶುದ್ಧೀಕರಣ, ಕನ್ನಡೀಕರಣದಂತೆ ಇದರಲ್ಲೂ ಇರುವುದು ಸಂಸ್ಕೃತದ ಚ್ವಿ ರೂಪ: ಹಾಗಿಲ್ಲದ್ದನ್ನು ಹಾಗೆ ಮಾಡುವುದು. 12ನೇ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ತಿಳಿಯದ ಬೆಲೆಗೆ ‘ಯಾವತ್ತಾವತ್’ ಎಂದು ಹೆಸರಿಟ್ಟು, ಅದನ್ನು ‘ಯಾ’ ಎಂದು ಚಿಕ್ಕದಾಗಿ ಬರೆದು, ಎರಡು ಪಕ್ಷಗಳನ್ನು (ಸಮೀಕರಣದ ಎರಡು ಬದಿಗಳನ್ನು) ಯತ್ನದಿಂದ ಸಮ ಮಾಡಿಕೊಳ್ಳಬೇಕೆಂಬ ಕ್ರಮವಿದೆ. (ಮೇಲಿನ ನನ್ನ ‘ಯ’ ಅಲ್ಲಿಂದಲೇ ಬಂದದ್ದು.) ಪಕ್ಷಗಳನ್ನು ಒಂದರ ಕೆಳಗೊಂದು ಬರೆಯುತ್ತಿದ್ದರು; ಈಗಿನ = ಚಿಹ್ನೆಯನ್ನು ರಾಬರ್ಟ್ ರೆಕಾರ್ಡ್ ಅಚ್ಚಿಗೆ ತಂದದ್ದು 1557ರಲ್ಲಿ. ಸಮ ಮಾಡುವ ಕೆಲಸದ ಹೆಸರೇ ಬರೆದಿಟ್ಟ ಸಾಲಿಗೂ ನಿಂತಿದೆ. 4ಯ + 3 = 23ಕ್ಕೆ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ.

ನನಗೆ ತೊಡಕಾಗಿರುವುದು ‘ನಿತ್ಯಸಮೀಕರಣ’. (ಅ + ಬ)² = ಅ² + 2ಅಬ + ಬ² ಎಂಬುದು ಅ, ಬ ಯಾವ ಸಂಖ್ಯೆಯಾದರೂ ನಿಜ. ಎಂದೆಂದಿಗೂ ಸಮವಾಗಿಯೇ ಇರುವುದನ್ನು ಸಮ ‘ಮಾಡುವುದು’ ಎಲ್ಲಿಂದ ಬಂತು? ಹೆಸರಿನಲ್ಲಿ ಸಮೀಕರಣ ಕಂಡ ಮಕ್ಕಳು ಇದನ್ನೂ ಬಿಡಿಸಲು ಹೊರಟು, ಕೊನೆಗೆ 0 = 0 ಬಂದಾಗ ಕಂಗಾಲಾಗುತ್ತಾರೆ. ‘ಸರ್ವಸಮತೆ’ ಎನ್ನೋಣವೆಂದರೆ ಅದು ತ್ರಿಭುಜಗಳ ಪಾಠದಲ್ಲಿ ಆಗಲೇ ಬೇರೆ ಅರ್ಥದಲ್ಲಿದೆ. ‘ನಿತ್ಯಸಮತೆ’ ಎಂದರೆ ಹೇಗೆ? ವ್ಯಾಕರಣದ ಕಡೆಯಿಂದ ಆಕ್ಷೇಪವಿದ್ದರೆ ತಿಳಿಸಿ. ಹಳೆಯ ಕನ್ನಡ ಗಣಿತ ಪುಸ್ತಕಗಳಲ್ಲಿ ಇದಕ್ಕೆ ಬೇರೆ ಪದ ಕಂಡವರಿದ್ದರೆ, ಆ ಪುಟದ ಒಂದು ಸಾಲನ್ನೂ ಜೊತೆಗೆ ಬರೆದರೆ ಉಪಕಾರವಾಗುತ್ತದೆ.