ಮೆಡಿಟರೇನಿಯನ್ ಕಡಲಿನ ಗ್ಯಾಸ್: ಟರ್ಕಿಯದ್ದು ದಬ್ಬಾಳಿಕೆಯೋ, ನ್ಯಾಯವಾದ ತಕರಾರೋ?

ರಘು_ಹೊನ್ನಾವರ:
ದ್ವೀಪ ದೇಶ ಸೈಪ್ರಸ್ ಸುತ್ತಲಿನ ಕಡಲ ತಳದ ಗ್ಯಾಸ್ ಜಗಳದ ಬಗ್ಗೆ ನನ್ನ ಮಾತು ನೇರ. ಅಲ್ಲಿ ಎಲ್ಲ ಕೆಡಿಸಿದ್ದು ಟರ್ಕಿ. 2009ರಲ್ಲಿ ಇಸ್ರೇಲ್‌ಗೆ ತಮಾರ್ ಅನ್ನೋ ಗ್ಯಾಸ್ ನಿಕ್ಷೇಪ ಸಿಕ್ಕಿತು, ಮರುವರ್ಷ ಲೆವಿಯಾಥನ್. 2011ರಲ್ಲಿ ಸೈಪ್ರಸ್‌ಗೆ ಅಫ್ರೊಡೈಟಿ, 2015ರಲ್ಲಿ ಈಜಿಪ್ಟ್‌ಗೆ ಜೊಹ್ರ್. ಜೊಹ್ರ್ ಒಂದರಲ್ಲೇ 30 ಲಕ್ಷ ಕೋಟಿ ಘನ ಅಡಿ ಗ್ಯಾಸ್ ಇದೆ ಅಂತ ಅಂದಾಜು ಮಾಡಿದ್ದರು. ಸೈಪ್ರಸ್ 2003ರಲ್ಲೇ ಈಜಿಪ್ಟ್ ಜೊತೆ, 2010ರಲ್ಲಿ ಇಸ್ರೇಲ್ ಜೊತೆ ಕೂತು ಸಮುದ್ರದ ಗಡಿ ಗುರುತು ಮಾಡಿಕೊಂಡಿತ್ತು. ಸಭ್ಯರು ಮಾಡುವ ಕೆಲಸ ಅದು. ಟರ್ಕಿ ಏನು ಮಾಡಿತು? 2018ರ ಫೆಬ್ರವರಿಯಲ್ಲಿ ಇಟಲಿಯ ಎನಿ ಕಂಪನಿಯ ಕೆಲಸಕ್ಕೆ ಬಂದಿದ್ದ ಸೈಪೆಮ್ 12000 ಅನ್ನೋ ಬಾವಿ ಕೊರೆಯುವ ಹಡಗಿಗೆ ಯುದ್ಧನೌಕೆ ಅಡ್ಡ ನಿಲ್ಲಿಸಿತು. ಆ ಹಡಗು ಎರಡು ವಾರ ಕಾದು ಬಂದ ದಾರಿ ಹಿಡಿಯಿತು. ಇದಕ್ಕೆ ದಬ್ಬಾಳಿಕೆ ಅನ್ನದೆ ಏನನ್ನಬೇಕು?

ವಿನುತಾ_ಕೆ:
ರಘು ಅವರೇ, ಹಡಗು ತಡೆದದ್ದು ತಪ್ಪು, ಒಪ್ಪುತ್ತೇನೆ. ಆದರೆ ಒಂದು ಸಲ ನಕ್ಷೆ ತೆಗೆದು ನೋಡಿ. ಟರ್ಕಿಯ ಕಾಶ್ ಅನ್ನೋ ಊರಿನ ದಡದಿಂದ ಬರೀ 2 ಕಿಲೋಮೀಟರ್ ದೂರದಲ್ಲಿ ಕಸ್ಟೆಲೊರಿಜೊ ಅನ್ನೋ ದ್ವೀಪ ಇದೆ. ಅದು ಗ್ರೀಸ್‌ಗೆ ಸೇರಿದ್ದು. ಜನ ಐನೂರು ಚಿಲ್ಲರೆ. ಅಥೆನ್ಸ್ ಎಲ್ಲೋ ದೂರದಲ್ಲಿದೆ. ಈ ದ್ವೀಪಕ್ಕೂ ಸುತ್ತಲಿನ 200 ನಾಟಿಕಲ್ ಮೈಲಿವರೆಗಿನ ಕಡಲ ಸಂಪತ್ತಿನ ಪೂರ್ತಿ ಹಕ್ಕು ಕೊಟ್ಟರೆ, ಅಲ್ಲಿ ಅತಿ ಉದ್ದದ ಕರಾವಳಿ ಇರುವ ದೇಶಗಳಲ್ಲಿ ಒಂದಾದ ಟರ್ಕಿಗೆ ತನ್ನದೇ ದಡದ ಅಂತಲ್ಯಾ ಕೊಲ್ಲಿಯ ಆಚೆ ಹೆಚ್ಚೇನೂ ಉಳಿಯುವುದಿಲ್ಲ. ಇದನ್ನು ಯಾವ ದೇಶ ತಾನೇ ಸುಮ್ನೆ ಒಪ್ಪಿಕೊಳ್ಳುತ್ತದೆ? ಕೋರ್ಟುಗಳು ಕೂಡ ಚಿಕ್ಕ ದ್ವೀಪಗಳಿಗೆ ಯಾವಾಗಲೂ ಪೂರ್ತಿ ಪಾಲು ಕೊಟ್ಟಿಲ್ಲ. ರೊಮೇನಿಯಾ ಮತ್ತು ಉಕ್ರೇನ್ ಮೊಕದ್ದಮೆಯಲ್ಲಿ, 2009ರಲ್ಲಿ, ಉಕ್ರೇನಿನ ಹಾವಿನ ದ್ವೀಪಕ್ಕೆ 12 ಮೈಲಿ ಬಿಟ್ಟರೆ ಮತ್ತೇನೂ ಸಿಗಲಿಲ್ಲ.

ಇನ್ನೊಂದು ಮಾತು. 2025ರ ಮೇ ತಿಂಗಳಲ್ಲಿ ಟರ್ಕಿ ಪಾಕಿಸ್ತಾನದ ಪರ ನಿಂತಿತು ಅನ್ನೋ ಕೋಪ ನಮಗೆಲ್ಲ ಇದೆ. ಜೂನ್‌ನಲ್ಲಿ ಮೋದಿ ಸೈಪ್ರಸ್‌ಗೆ ಹೋಗಿ ಬಂದದ್ದನ್ನೂ ಜನ ಅದೇ ಕಣ್ಣಿನಿಂದ ನೋಡಿದರು. ಆ ಕೋಪವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ರಘು_ಹೊನ್ನಾವರ:
ಕೋಪದ ಮಾತಲ್ಲ ಮೇಡಂ. ಕಸ್ಟೆಲೊರಿಜೊ ಚಿಕ್ಕದು, ಸರಿ. ಗ್ರೀಸಿನದ್ದೇ ಇನ್ನೊಂದು ದ್ವೀಪ ಕ್ರೀಟ್ ಚಿಕ್ಕದಾ? ಅಲ್ಲಿ ಆರು ಲಕ್ಷಕ್ಕಿಂತ ಜಾಸ್ತಿ ಜನ ಇದ್ದಾರೆ. 2019ರ ನವೆಂಬರ್‌ನಲ್ಲಿ ಟರ್ಕಿ ಲಿಬಿಯಾದ ಟ್ರಿಪೊಲಿ ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದ ನೋಡಿ. ನಡುವೆ ಕ್ರೀಟ್ ಇಲ್ಲವೇ ಇಲ್ಲ ಅನ್ನುವಂತೆ ಗೆರೆ ಎಳೆದಿದ್ದಾರೆ. ಸೈಪ್ರಸ್ ಅಂತೂ ದ್ವೀಪ ಮಾತ್ರ ಅಲ್ಲ, ಯುರೋಪಿಯನ್ ಒಕ್ಕೂಟದ ಸದಸ್ಯ ದೇಶ. ಅದನ್ನು ದೇಶ ಅಂತಲೇ ಒಪ್ಪದ ಟರ್ಕಿಯ ಜೊತೆ ಗಡಿ ಮಾತಾಡುವುದು ಹೇಗೆ? ಸಮುದ್ರದ ಹಕ್ಕುಗಳ ಬಗ್ಗೆ 1982ರಲ್ಲಿ ಆದ ವಿಶ್ವಸಂಸ್ಥೆ ಒಪ್ಪಂದಕ್ಕೆ ಟರ್ಕಿ ಇವತ್ತಿಗೂ ಸಹಿ ಹಾಕಿಲ್ಲ.

ವಿನುತಾ_ಕೆ:
ಇಸ್ರೇಲ್ ಕೂಡ ಹಾಕಿಲ್ಲ. ಅಮೆರಿಕವೂ ಅದಕ್ಕೆ ಸೇರಿಲ್ಲ. ಅದೊಂದನ್ನೇ ಹಿಡಿದು ಟರ್ಕಿಯನ್ನು ಮಾತ್ರ ಬೈಯಲಿಕ್ಕೆ ಆಗುವುದಿಲ್ಲ. ಆದರೆ ಕ್ರೀಟ್ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಆ ಗೆರೆಯನ್ನು ಯಾರೂ ಸಮರ್ಥಿಸಲು ಆಗದು.

ಬೆಳಗಾವಿ_ಮಾಸ್ತರ:
ನೀವಿಬ್ಬರೂ ಗ್ಯಾಸ್ ಸಿಕ್ಕ ಮೇಲಿನ ಕಥೆ ಹೇಳುತ್ತಿದ್ದೀರಿ. ಜಗಳ ಅದಕ್ಕಿಂತ ಹಳೆಯದು. 1974ರಲ್ಲಿ ಗ್ರೀಸ್‌ನ ಸೈನಿಕ ಸರ್ಕಾರದ ಬೆಂಬಲದಿಂದ ಸೈಪ್ರಸ್‌ನಲ್ಲಿ ಕ್ಷಿಪ್ರಕ್ರಾಂತಿ ಆಯಿತು, ಅದರ ಬೆನ್ನಿಗೇ ಟರ್ಕಿ ಸೈನ್ಯ ಇಳಿಸಿತು, ದ್ವೀಪ ಎರಡು ಹೋಳಾಯಿತು. ಉತ್ತರದ ಭಾಗವನ್ನು ಟರ್ಕಿ ಬಿಟ್ಟು ಯಾರೂ ದೇಶ ಅಂತ ಒಪ್ಪಿಲ್ಲ. 2004ರ ಏಪ್ರಿಲ್‌ನಲ್ಲಿ ಆಗ ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್ ಅವರ, ದ್ವೀಪ ಒಂದುಗೂಡಿಸುವ ಯೋಜನೆಗೆ ಎರಡೂ ಕಡೆ ಮತ ಹಾಕಿಸಿದರು. ಉತ್ತರದ ಟರ್ಕಿ ಮೂಲದವರಲ್ಲಿ ಶೇ. 65ರಷ್ಟು ಜನ ಒಂದಾಗೋಣ ಅಂದರು. ದಕ್ಷಿಣದ ಗ್ರೀಕರಲ್ಲಿ ಶೇ. 76ರಷ್ಟು ಜನ ಬೇಡ ಅಂದರು. ಅದಾದ ಒಂದೇ ವಾರಕ್ಕೆ ಬೇಡ ಅಂದವರಿಗೆ ಯುರೋಪಿಯನ್ ಒಕ್ಕೂಟದ ಸದಸ್ಯತ್ವ ಸಿಕ್ಕಿತು, ಹೂಂ ಅಂದವರು ಹೊರಗೆ ಉಳಿದರು. ಅವರ ಹೊಟ್ಟೆ ಉರಿಯದೆ ಇರುತ್ತದೆಯೇ?

ಗ್ಯಾಸ್‌ನಲ್ಲಿ ನಮಗೂ ಪಾಲಿದೆ ಅಂತ ಅವರು ಕೇಳುವುದು ಈ ನೋವಿನಿಂದ. ಪಾಲಿಲ್ಲ ಅಂತ ದಕ್ಷಿಣದವರು ಹೇಳುವುದಿಲ್ಲ. ಮೊದಲು ದ್ವೀಪ ಒಂದಾಗಲಿ, ಆಮೇಲೆ ಪಾಲು ಅನ್ನುತ್ತಾರೆ. 2019ರ ಜುಲೈನಲ್ಲಿ ಉತ್ತರದ ನಾಯಕ ಅಕಿಂಜಿ, ಇಬ್ಬರೂ ಸೇರಿ ಒಂದು ಸಮಿತಿ ಮಾಡೋಣ ಅಂದರು. ದಕ್ಷಿಣದವರು ಒಪ್ಪಲಿಲ್ಲ. ನನ್ನ ಪ್ರಕಾರ ದೊಡ್ಡ ಅವಕಾಶ ಕೈತಪ್ಪಿದ್ದು ಅಲ್ಲಿ.

ದಿವ್ಯಾ_ಎಚ್:
ಮಾಸ್ತರೇ, ಇತಿಹಾಸ ಸರಿ. ಆದರೆ ಅಲ್ಲಿ ಯಾರು ಯಾರ ಸ್ನೇಹಿತರು ಅನ್ನೋದನ್ನು ಕೊನೆಗೆ ತೀರ್ಮಾನಿಸಿದ್ದು ಪೈಪು ಮತ್ತು ದುಡ್ಡು. 2020ರ ಜನವರಿ 2ರಂದು ಅಥೆನ್ಸ್‌ನಲ್ಲಿ ಗ್ರೀಸ್, ಸೈಪ್ರಸ್, ಇಸ್ರೇಲ್ ಮೂರೂ ಸೇರಿ ಯುರೋಪಿಗೆ ಗ್ಯಾಸ್ ಒಯ್ಯುವ ಈಸ್ಟ್‌ಮೆಡ್ ಪೈಪ್‌ಲೈನ್‌ಗೆ ಸಹಿ ಹಾಕಿದವು. ಸುಮಾರು 1,900 ಕಿಲೋಮೀಟರ್ ಉದ್ದ, ಕೆಲವು ಕಡೆ 3 ಕಿಲೋಮೀಟರ್ ಆಳದ ನೀರು. ಅಷ್ಟೆಲ್ಲ ಮಾಡಿದರೂ ವರ್ಷಕ್ಕೆ ಹೋಗುವ ಗ್ಯಾಸ್ 10 ಶತಕೋಟಿ ಘನ ಮೀಟರ್. ಆಗ ಯುರೋಪಿಯನ್ ಒಕ್ಕೂಟ ವರ್ಷಕ್ಕೆ ಸುಡುತ್ತಿದ್ದದ್ದು ಸುಮಾರು 400. ಇಷ್ಟಕ್ಕೆ ಅಷ್ಟು ದುಡ್ಡು ಸುರಿಯಲು ಯಾವ ಬ್ಯಾಂಕೂ ಮುಂದೆ ಬರಲಿಲ್ಲ. 2022ರ ಜನವರಿಯಲ್ಲಿ ಅಮೆರಿಕವೂ ಕೈಬಿಟ್ಟಿತು. ಫೋಟೋದಲ್ಲಿ ನಿಂತ ನಾಯಕರು ಎಷ್ಟು ಒಗ್ಗಟ್ಟಾಗಿ ಕಂಡರೂ ಪೈಪು ಬೀಳಲಿಲ್ಲ.

ನಿಜವಾಗಿ ಗ್ಯಾಸ್ ಹರಿದದ್ದು ಈಜಿಪ್ಟ್ ಮತ್ತು ಇಸ್ರೇಲ್ ನಡುವೆ. ಅದನ್ನು ಯಾರೂ ಸರಿಯಾಗಿ ಗಮನಿಸಿಲ್ಲ. ಈಜಿಪ್ಟ್‌ನ ಅಲ್ ಅರಿಶ್‌ನಿಂದ ಇಸ್ರೇಲ್‌ನ ಅಶ್ಕೆಲಾನ್‌ಗೆ ಒಂದು ಪೈಪು ಮೊದಲೇ ಇತ್ತು. 2008ರಿಂದ 2012ರವರೆಗೆ ಈಜಿಪ್ಟ್ ಅದರಲ್ಲಿ ಇಸ್ರೇಲ್‌ಗೆ ಗ್ಯಾಸ್ ಮಾರುತ್ತಿತ್ತು. 2020ರಿಂದ ಅದೇ ಪೈಪಿನಲ್ಲಿ ಇಸ್ರೇಲ್ ಈಜಿಪ್ಟ್‌ಗೆ ಮಾರುತ್ತಿದೆ. ಈಜಿಪ್ಟಿನ ಇದ್ಕು ಮತ್ತು ದಮಿಯೆಟ್ಟಾದಲ್ಲಿ ಗ್ಯಾಸನ್ನು ತಣ್ಣಗೆ ಮಾಡಿ ದ್ರವವಾಗಿಸಿ ಹಡಗಿಗೆ ತುಂಬುವ ದೊಡ್ಡ ಸ್ಥಾವರಗಳಿವೆ, ಹಾಗಾಗಿ ಈಜಿಪ್ಟ್ ಇಡೀ ಪ್ರದೇಶದ ಗ್ಯಾಸ್ ಮಂಡಿ ಆಗುತ್ತದೆ ಅಂತ ಎಲ್ಲರೂ ನಂಬಿದ್ದರು. ಆದದ್ದೇ ಬೇರೆ. ಜೊಹ್ರ್‌ನ ಇಳುವರಿ ಕುಸಿಯಿತು. 2023 ಮತ್ತು 2024ರ ಬೇಸಿಗೆಯಲ್ಲಿ ಕೈರೋದಲ್ಲಿ ದಿನಾ ಕರೆಂಟ್ ತೆಗೆದರು, ಅಂಗಡಿಗಳನ್ನು ರಾತ್ರಿ ಹತ್ತಕ್ಕೇ ಮುಚ್ಚಿಸಿದರು. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ ಯುದ್ಧ ಶುರುವಾಗಿ ಲೆವಿಯಾಥನ್ ಬಂದ್ ಆದಾಗ ಈಜಿಪ್ಟ್‌ನ ಗೊಬ್ಬರದ ಕಾರ್ಖಾನೆಗಳೇ ನಿಂತು ಹೋದವು. ಗಾಜಾ ವಿಷಯದಲ್ಲಿ ಈಜಿಪ್ಟ್ ಇಸ್ರೇಲ್ ವಿರುದ್ಧ ಎಷ್ಟು ಮಾತಾಡಿದರೂ ವ್ಯಾಪಾರ ಕಡಿದುಕೊಳ್ಳಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ 35 ಶತಕೋಟಿ ಡಾಲರಿನ ಹೊಸ ಕರಾರು ಮಾಡಿಕೊಂಡರು.

ಇಮ್ರಾನ್_ಭಟ್ಕಳ:
ನಾನು ಗಲ್ಫ್‌ನಲ್ಲಿ ರಿಗ್‌ಗಳಿಗೆ ಸಾಮಾನು ಒಯ್ಯುವ ಹಡಗಿನಲ್ಲಿ ಕೆಲಸ ಮಾಡುತ್ತೇನೆ. ಸೈಪೆಮ್ ಹಡಗು ಯಾಕೆ ಅಷ್ಟು ಸುಲಭವಾಗಿ ವಾಪಸ್ ಹೋಯಿತು ಅಂತ ಕೇಳಿದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಅಂಥ ಹಡಗು ಆಳ ಸಮುದ್ರದಲ್ಲಿ ಲಂಗರು ಹಾಕುವುದಿಲ್ಲ. ತಳದಲ್ಲಿರುವ ಥ್ರಸ್ಟರ್ ಅನ್ನೋ ದೊಡ್ಡ ಫ್ಯಾನ್‌ಗಳನ್ನು ಕಂಪ್ಯೂಟರ್ ಸದಾ ತಿರುಗಿಸುತ್ತಾ ಹಡಗನ್ನು ಬಾವಿಯ ನೇರ ಮೇಲೆ ನಿಲ್ಲಿಸಿಕೊಂಡಿರುತ್ತದೆ. ಕೆಳಗೆ ಎರಡು ಕಿಲೋಮೀಟರ್ ನೀರಿನಲ್ಲಿ ಪೈಪು ಇಳಿದಿರುತ್ತದೆ. ಯಾರಾದರೂ ಅಡ್ಡ ಬಂದರೆ ಪಕ್ಕಕ್ಕೆ ಸರಿದು ಹೋಗುವ ಹಾಗಿಲ್ಲ, ಬಾವಿಯಿಂದ ಕಳಚಿಕೊಳ್ಳಬೇಕು. ಒಂದು ದಿನ ಸುಮ್ನೆ ನಿಂತರೂ ಬಾಡಿಗೆ ಲಕ್ಷಗಟ್ಟಲೆ ಡಾಲರ್. ವಿಮೆಯವರು ಬೇರೆ ತಕರಾರು ತೆಗೆಯುತ್ತಾರೆ. ಹಾಗಾಗಿ ಒಂದು ಗುಂಡೂ ಹಾರಿಸದೆ ಕೆಲಸ ನಿಲ್ಲಿಸಬಹುದು. ಗಡಿ ತಕರಾರು ಇರುವ ಕಡೆ ಕಂಪನಿಗಳು ಹೆದರುವುದು ಇದಕ್ಕೇ.

ಲೆಬನಾನ್ ಕಥೆಯನ್ನೂ ಇದರ ಜೊತೆ ನೋಡಿ. ಇಸ್ರೇಲ್ ಅನ್ನು ದೇಶ ಅಂತ ಅವರು ಒಪ್ಪಿಲ್ಲ. ಹಾಗಿದ್ದೂ 2022ರ ಅಕ್ಟೋಬರ್‌ನಲ್ಲಿ ಅಮೆರಿಕದ ದೂತ ಏಮೋಸ್ ಹೋಕ್‌ಸ್ಟೈನ್ ನಡುವೆ ಓಡಾಡಿ ಗಡಿ ಇತ್ಯರ್ಥ ಮಾಡಿಸಿದರು. ಕರೀಶ್ ಅನ್ನೋ ಗ್ಯಾಸ್ ನಿಕ್ಷೇಪ ಇಸ್ರೇಲ್‌ಗೆ, ಕಾನಾ ಅನ್ನೋ ಜಾಗ ಲೆಬನಾನ್‌ಗೆ. ಎರಡೂ ಕಡೆಯವರು ಬೇರೆ ಬೇರೆ ಕಾಗದಕ್ಕೆ ಸಹಿ ಹಾಕಿದರು. 2023ರಲ್ಲಿ ಕಾನಾದಲ್ಲಿ ಕೊರೆದಾಗ ಲೆಬನಾನ್‌ಗೆ ಏನೂ ಸಿಗಲಿಲ್ಲ, ಪಾಪ. ಆದರೆ 2024ರ ಯುದ್ಧದಲ್ಲೂ ಆ ಒಪ್ಪಂದವನ್ನು ಯಾರೂ ರದ್ದು ಮಾಡಲಿಲ್ಲ.

ರಘು_ಹೊನ್ನಾವರ:
ಇಮ್ರಾನ್ ಭಾಯ್, ಆ ಒಪ್ಪಂದಕ್ಕೆ ಮೊದಲು ಜುಲೈನಲ್ಲಿ ಲೆಬನಾನಿನ ಸಶಸ್ತ್ರ ಸಂಘಟನೆ ಹೆಜ್ಬೊಲ್ಲಾ ಕರೀಶ್ ಕಡೆಗೆ ಡ್ರೋನ್ ಬಿಟ್ಟದ್ದನ್ನು ಮರೆಯಬೇಡಿ. ಹೆದರಿಸಿದವರಿಗೆ ಪಾಲು ಸಿಗುತ್ತದೆ ಅಂತಾದರೆ ನಾಳೆ ಎಲ್ಲರೂ ಅದನ್ನೇ ಮಾಡುತ್ತಾರೆ. ನಮ್ಮ ಬಂಗಾಳ ಕೊಲ್ಲಿಯನ್ನೇ ನೋಡಿ. ಬಾಂಗ್ಲಾದೇಶ ನಮ್ಮನ್ನು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಅಂತರರಾಷ್ಟ್ರೀಯ ಪಂಚಾಯ್ತಿಗೆ ಎಳೆಯಿತು. 2014ರ ತೀರ್ಪಿನಲ್ಲಿ ತಕರಾರಿನಲ್ಲಿದ್ದ 25,602 ಚದರ ಕಿಲೋಮೀಟರ್‌ನಲ್ಲಿ 19,467 ಅವರ ಪಾಲಾಯಿತು. ಭಾರತ ಎಷ್ಟೋ ಪಟ್ಟು ದೊಡ್ಡ ದೇಶ, ನೌಕಾಪಡೆಯೂ ದೊಡ್ಡದು. ಆದರೂ ತೀರ್ಪು ಒಪ್ಪಿಕೊಂಡಿತು. ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಟರ್ಕಿಗೆ ಅದು ಯಾಕೆ ಆಗುವುದಿಲ್ಲ?

ವಿನುತಾ_ಕೆ:
ನನಗೂ ಹೆಮ್ಮೆ ಇದೆ. ಆದರೆ ಕೋರ್ಟಿಗೆ ಹೋಗಲು ಇಬ್ಬರೂ ಒಂದೇ ಪ್ರಶ್ನೆ ಕೇಳಬೇಕಲ್ವಾ? ಗ್ರೀಸ್ ಸಮುದ್ರದ ಗಡಿ ಒಂದನ್ನೇ ಕೇಳೋಣ ಅನ್ನುತ್ತದೆ. ಟರ್ಕಿ ವಾಯುಗಡಿ, ದ್ವೀಪಗಳಲ್ಲಿ ಸೈನ್ಯ ಇಡುವುದು, ಎಲ್ಲ ಸೇರಿಸಿ ಅನ್ನುತ್ತದೆ. ಹಾಗೆ ಕೂತೇ ಇದ್ದಾರೆ. 2020ರ ಆಗಸ್ಟ್‌ನಲ್ಲಿ ಎರಡೂ ದೇಶದ ಯುದ್ಧನೌಕೆಗಳು ಒಂದಕ್ಕೊಂದು ತಾಗಿಯೇ ಬಿಟ್ಟವು, ನೇಟೋದಲ್ಲಿ ಇಬ್ಬರೂ ಸದಸ್ಯರು ಬೇರೆ. ಮತ್ತೆ ಬಾಂಗ್ಲಾದೇಶಕ್ಕೆ ಸಮುದ್ರ ಸಿಕ್ಕಿ ಇಷ್ಟು ವರ್ಷ ಆದರೂ ಆಳ ಸಮುದ್ರದಿಂದ ಗ್ಯಾಸ್ ಮೇಲೆ ಬಂದಿಲ್ಲ. ಗೆರೆ ಬೇಕು, ನಿಜ. ಗೆರೆ ಒಂದೇ ಸಾಲದು.

ದಿವ್ಯಾ_ಎಚ್:
ಸೈಪ್ರಸ್‌ಗೇ ಏನು ಸಿಕ್ಕಿದೆ ಹೇಳಿ. 2011ರ ಜುಲೈನಲ್ಲಿ ಮಾರಿ ನೌಕಾನೆಲೆಯಲ್ಲಿ ಮದ್ದುಗುಂಡು ಸಿಡಿದು 13 ಜನ ಸತ್ತರು, ಪಕ್ಕದ ದೊಡ್ಡ ವಿದ್ಯುತ್ ಸ್ಥಾವರವೇ ಹಾಳಾಯಿತು. ಅದೇ ವರ್ಷ ಗ್ಯಾಸ್ ಸಿಕ್ಕಾಗ ಜನ ಎಷ್ಟು ಆಸೆ ಇಟ್ಟುಕೊಂಡಿರಬೇಡ! ಆಮೇಲೂ ವರ್ಷಗಟ್ಟಲೆ ಎಣ್ಣೆ ಸುಟ್ಟೇ ಕರೆಂಟ್ ಮಾಡಿದರು. ಅಫ್ರೊಡೈಟಿಯ ಒಂದು ಅಂಚು ಇಸ್ರೇಲ್ ಕಡೆಗೆ ಚಾಚಿದೆ. ಆ ಚೂರಿನ ಪಾಲಿಗಾಗಿ ಗೆಳೆಯರಾದ ಇಬ್ಬರೇ ಹತ್ತು ವರ್ಷಕ್ಕೂ ಜಾಸ್ತಿ ಎಳೆದಾಡಿದ್ದಾರೆ. ಅಲ್ಲಿ ಟರ್ಕಿ ಎಲ್ಲಿತ್ತು ರಘು?

ರಘು_ಹೊನ್ನಾವರ:
ಎಳೆದಾಡಿದರು, ಆದರೆ ಯುದ್ಧನೌಕೆ ಕಳಿಸಲಿಲ್ಲ. ನಾನು ಹೇಳುತ್ತಿರುವ ವ್ಯತ್ಯಾಸ ಇಷ್ಟೇ. 2025ರ ನವೆಂಬರ್‌ನಲ್ಲಿ ಸೈಪ್ರಸ್ ಮತ್ತು ಲೆಬನಾನ್ ಗಡಿಗೆ ಸಹಿ ಹಾಕಿದಾಗಲೂ ಟರ್ಕಿ ತಕರಾರು ತೆಗೆಯಿತು.

ಬೆಳಗಾವಿ_ಮಾಸ್ತರ:
ಅದಕ್ಕೆ ಒಂದು ತಿಂಗಳ ಮೊದಲು ಇನ್ನೊಂದು ಬೆಳವಣಿಗೆ ಆಯಿತು. ಉತ್ತರ ಸೈಪ್ರಸ್‌ನ ಚುನಾವಣೆಯಲ್ಲಿ, ಎರಡು ದೇಶವೇ ಇರಲಿ ಅನ್ನುತ್ತಿದ್ದ ತತಾರ್ ಸೋತು, ಎರಡೂ ಭಾಗ ಸೇರಿ ಒಕ್ಕೂಟ ಮಾಡೋಣ ಅನ್ನುವ ತುಫಾನ್ ಎರ್ಹುರ್ಮಾನ್ ಗೆದ್ದರು. ಟರ್ಕಿ ಅಧ್ಯಕ್ಷ ಎರ್ದೊಗಾನ್ ಕೂಡ 2024ರ ಫೆಬ್ರವರಿಯಲ್ಲಿ ಕೈರೋಗೆ ಹೋಗಿ, ತಾವೇ ಹತ್ತು ವರ್ಷ ಬೈದಿದ್ದ ಈಜಿಪ್ಟ್ ಅಧ್ಯಕ್ಷ ಸಿಸಿಯ ಕೈ ಕುಲುಕಿ ಬಂದವರು. ಯಾವ ದೋಸ್ತಿಯೂ ಅಲ್ಲಿ ಗಟ್ಟಿ ಇಲ್ಲ, ಯಾವ ದ್ವೇಷವೂ ಗಟ್ಟಿ ಇಲ್ಲ. ಮಾತುಕತೆ ಮತ್ತೆ ಶುರುವಾದರೆ ಆಸ್ತಿ, ಸೈನ್ಯ ಅಂತ ಹಳೇ ಪಟ್ಟಿ ಹಿಡಿದು ಕೂರುವ ಬದಲು ಅಕಿಂಜಿ ಕೇಳಿದ್ದ ಆ ಗ್ಯಾಸ್ ಸಮಿತಿಯನ್ನೇ ಮೊದಲು ಎತ್ತಿಕೊಳ್ಳಲಿ. ಅಲ್ಲಿ ಇಬ್ಬರಿಗೂ ಕಳೆದುಕೊಳ್ಳುವುದು ಕಡಿಮೆ.