ಗೇಜ್ 4 ಕೆಜಿ ತೋರಿಸುತ್ತಿದೆ, ಜೆಟ್ ಮಾತ್ರ ಸರಿಯಾಗಿ ತಿರುಗುತ್ತಿಲ್ಲ

ಪ್ರಶ್ನೆ (ಸಿದ್ದಾಪುರ ಕಡೆಯ ಬೆಳೆಗಾರ): ಸಾರ್, ರೋಬಸ್ಟಾ ಕಾಫಿಗೆ ಹೂವು ಅರಳಿಸುವ ಹೂಮಳೆ ಬರಲಿಲ್ಲ ಅಂತ ಕೆರೆಯಿಂದ ಸ್ಪ್ರಿಂಕ್ಲರ್ ಹಾಕಿದ್ದೇವೆ. ನೀರು ಚಿಮ್ಮಿಸುವ ಜೆಟ್ ಜೊತೆ ಬಂದ ಚೀಟಿಯಲ್ಲಿ 45 ಪಿಎಸ್ಐ ಪ್ರೆಶರ್ ಬೇಕು ಅಂತಿದೆ. ಪಂಪಿನ ಪ್ರೆಶರ್ ಗೇಜ್ ಕೆಜಿಯಲ್ಲಿದೆ, 4 ತೋರಿಸುತ್ತದೆ. ಲೆಕ್ಕ ಹಾಕಿದರೆ 57 ಪಿಎಸ್ಐ ಬಂತು. ಬೇಕಾದ್ದಕ್ಕಿಂತ ಜಾಸ್ತಿನೇ ಇದೆ ಅಲ್ವಾ? ಆದರೂ ಮೇಲಿನ ಸಾಲಿನಲ್ಲಿ ನೀರು ದೂರ ಹೋಗುತ್ತಿಲ್ಲ, ದಪ್ಪ ದಪ್ಪ ಹನಿ ಬೀಳುತ್ತಿದೆ.

ಉತ್ತರ (ಪಂಪ್ ಕೆಲಸದವನು): ನಿಮ್ಮ ಲೆಕ್ಕ ಸರಿಯಾಗಿದೆ. ಗೇಜಿನ ಕೆಜಿ ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಕೆಜಿ. ಪಿಎಸ್ಐ ಅಂದರೆ ಒಂದು ಚದರ ಇಂಚಿನ ಮೇಲೆ ಬೀಳುವ ಪೌಂಡ್. ಕೆಜಿಯನ್ನು 14.22ರಿಂದ ಗುಣಿಸಿದರೆ ಪಿಎಸ್ಐ. ಗೇಜಲ್ಲಿ ಬಾರ್ ಅನ್ನುವ ಅಳತೆ ಇದ್ದರೆ 14.5. ಕೆಜಿಗೂ ಬಾರಿಗೂ ನೂರಕ್ಕೆ ಎರಡರಷ್ಟು ವ್ಯತ್ಯಾಸ, ತೋಟದ ಕೆಲಸಕ್ಕೆ ಅದನ್ನು ಮರೆತುಬಿಡಿ. ಹೊಸ ಗೇಜಲ್ಲಿ ಕಿಲೋಪ್ಯಾಸ್ಕಲ್ ಬರೆದಿದ್ದರೆ 100ಕ್ಕೆ ಒಂದು ಬಾರ್.

ಆದರೆ ಗೇಜ್ ಕೂತಿರುವುದು ಕೆರೆ ಹತ್ತಿರ, ಜೆಟ್ ಇರುವುದು ಗುಡ್ಡದ ಮೇಲೆ. ಎಷ್ಟು ಎತ್ತರ?

ಪ್ರಶ್ನೆ: ಪಂಪಿನಿಂದ ಸುಮಾರು 60 ಅಡಿ ಇರಬಹುದು ಸಾರ್.

ಉತ್ತರ: ಹಾಗಾದರೆ ಅಲ್ಲೇ ಹೋಯ್ತು. ನೀರು 2.31 ಅಡಿ ಮೇಲೆ ಹತ್ತಿದರೆ ಒಂದು ಪಿಎಸ್ಐ ಖರ್ಚು. 60 ಅಡಿಗೆ 26. ನಿಮ್ಮ 57ರಲ್ಲಿ ಜೆಟ್ಟಿಗೆ ಉಳಿಯುವುದು 31. ಪೈಪಿನೊಳಗಿನ ಉಜ್ಜಾಟದಲ್ಲಿ ಇನ್ನೊಂದಿಷ್ಟು ಹೋಗುತ್ತದೆ. ಪ್ರೆಶರ್ ಕಮ್ಮಿಯಾದರೆ ಹನಿ ಒಡೆಯುವುದಿಲ್ಲ, ಅದಕ್ಕೇ ದಪ್ಪ ಹನಿ.

45ಕ್ಕೆ ಈ 26 ಸೇರಿಸಿ: 71. ಅಂದರೆ ಗೇಜಲ್ಲಿ 5 ಕೆಜಿ. ಪೈಪಿನ ನಷ್ಟ ಅದರ ಮೇಲೆ. ಸುಮ್ನೆ ಆಕ್ಸಿಲರೇಟರ್ ಏರಿಸಬೇಡಿ. ಪಂಪಿನ ತಗಡಿನ ಮೇಲೆ ಹೆಡ್, ಅಂದರೆ ನೀರು ಎತ್ತಬಲ್ಲ ಎತ್ತರ, ಎಷ್ಟು ಮೀಟರ್ ಅಂತ ನೋಡಿ. ಹತ್ತು ಮೀಟರಿಗೆ ಹತ್ತಿರ ಹತ್ತಿರ ಒಂದು ಕೆಜಿ. ಮೊದಲು ಒಂದೆರಡು ಜೆಟ್ ಮುಚ್ಚಿ ನೋಡಿ, ಹರಿವು ಕಮ್ಮಿಯಾದರೆ ಪ್ರೆಶರ್ ಏರುತ್ತದೆ. ಕೆರೆಯಲ್ಲಿ ನೀರು ಇಳಿದಿದ್ದರೆ ಆ ಇಳಿದ ಅಡಿಯೂ ಲೆಕ್ಕಕ್ಕೆ ಬರುತ್ತದೆ.

ಮತ್ತೊಬ್ಬರು (ಮಡಿಕೇರಿ): ನಮ್ಮದು ಎತ್ತರದ ಜಾಗ. ಗೇಜ್ ತಪ್ಪು ತೋರಿಸುತ್ತದಾ?

ಉತ್ತರ: ಇಲ್ಲ. ಮಾಮೂಲಿ ಗೇಜ್ ಸುತ್ತಲಿನ ಗಾಳಿಯನ್ನೇ ಸೊನ್ನೆ ಅಂತ ಹಿಡಿಯುತ್ತದೆ. ಎತ್ತರದ ಪೆಟ್ಟು ಬೀಳುವುದು ಸಕ್ಷನ್ ಮೇಲೆ, ಅಂದರೆ ಪಂಪು ಕೆಳಗಿನಿಂದ ನೀರು ಎಳೆಯುವುದರ ಮೇಲೆ. ನೀರನ್ನು ಪಂಪಿಗೆ ತಳ್ಳುವುದು ಗಾಳಿಯೇ ತಾನೆ? ಸಮುದ್ರಮಟ್ಟದಲ್ಲಿ ಅದು 10.3 ಮೀಟರ್ ನೀರಿನ ತೂಕಕ್ಕೆ ಸಮ, ನಿಮ್ಮಲ್ಲಿ ಸುಮಾರು 9. ಕೈಗೆ ಸಿಗುವುದು ಇನ್ನೂ ಕಮ್ಮಿ. ಪಂಪನ್ನು ನೀರಿನ ಹತ್ತಿರಕ್ಕೇ ಇಳಿಸಿ.

ಪ್ರಶ್ನೆ (ಸಿದ್ದಾಪುರ): ಸಾರ್, ಎರಡು ಜೆಟ್ ಮುಚ್ಚಿದೆ. ಗೇಜ್ ಐದು ದಾಟಿತು. ಈಗ ಆಚೆ ಸಾಲಿನ ಗಿಡವೂ ನೆನೆಯುತ್ತಿದೆ. ಜೆಟ್ ಕಮ್ಮಿ ಆದ್ದರಿಂದ ರಾತ್ರಿ ಒಂದು ಶಿಫ್ಟ್ ಜಾಸ್ತಿ ಓಡಿಸಬೇಕು, ಅಷ್ಟೇ.