ಆಂಪಿಸಿಲಿನ್ ಜತೆ ಕ್ಲೋರಾಂಫೆನಿಕಾಲ್ ಸೇರಿದರೆ ಇ. ಕೋಲೈ ಸಾಯುವುದೇ ಇಲ್ಲ, ಯಾಕೆ?

ಪ್ರಶ್ನೆ:
ತಳಿ ಎರಡೂ ಔಷಧಿಗೆ ಬಗ್ಗುವ ಇ. ಕೋಲೈ ಬ್ಯಾಕ್ಟೀರಿಯಾ. ಎರಡು ಔಷಧಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ನೋಡುವ ಚೆಕರ್‌ಬೋರ್ಡ್‌ನಲ್ಲಿ ಎಫ್‌ಐಸಿ ಸೂಚ್ಯಂಕ (ಜೋಡಿಯ ಪರಿಣಾಮ ಅಳೆಯುವ ಅಂಕಿ) 1 ಬಂದಿದೆ, ಅಂದರೆ ಒಂದಕ್ಕೊಂದು ಅಡ್ಡಿಯಿಲ್ಲ. ಟೈಮ್-ಕಿಲ್ (ಸಮಯ ಕಳೆದಂತೆ ಬದುಕಿರುವ ಕೋಶ ಎಣಿಸುವ ಪರೀಕ್ಷೆ) ಬೇರೆಯದೇ ಹೇಳುತ್ತಿದೆ. ಶುರುವಿನಲ್ಲಿ ಮಿ.ಲೀ.ಗೆ 5 ಲಕ್ಷ ಕೋಶ. ಎಂಐಸಿಯ (ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ) 4 ಪಟ್ಟು ಆಂಪಿಸಿಲಿನ್ ಒಂದೇ ಇದ್ದಾಗ 6 ಗಂಟೆಗೆ 400ಕ್ಕೆ ಇಳಿಯಿತು. ಅದಕ್ಕೇ ಎಂಐಸಿಯ 2 ಪಟ್ಟು ಕ್ಲೋರಾಂಫೆನಿಕಾಲ್ ಸೇರಿಸಿದರೆ 2 ಲಕ್ಷ ಉಳಿದಿದೆ. ಯಾವುದನ್ನು ನಂಬಲಿ?

ಉತ್ತರ 1:
ಎರಡನ್ನೂ ನಂಬಿ. ಚೆಕರ್‌ಬೋರ್ಡ್ ನೋಡುವುದು ತಟ್ಟೆಯ ಬಾವಿಯಲ್ಲಿ (ಪುಟ್ಟ ಗುಳಿ) ಮಬ್ಬು ಬಂತೇ ಇಲ್ಲವೇ ಎಂದಷ್ಟೇ. ತಲಾ ಅರ್ಧ ಎಂಐಸಿ ಸೇರಿ ಬೆಳವಣಿಗೆ ತಡೆದರೆ 0.5 + 0.5 = 1. ತಿಳಿಯಾದ ಬಾವಿಯಲ್ಲಿ ಕೋಶಗಳು ಸತ್ತಿವೆಯೋ ಸುಮ್ಮನೆ ಕೂತಿವೆಯೋ ಅದಕ್ಕೆ ಗೊತ್ತಾಗದು.

ಆಂಪಿಸಿಲಿನ್ ಕೊಲ್ಲುವುದು ಬೆಳೆಯುತ್ತಿರುವ ಕೋಶವನ್ನು. ಬೆಳೆಯುವಾಗ ಕೋಶ ತನ್ನ ಹಳೇ ಭಿತ್ತಿಯನ್ನು ಅಲ್ಲಲ್ಲಿ ಕತ್ತರಿಸಿ ಹೊಸ ತುಂಡು ಹೊಲಿಯುತ್ತದೆ. ಔಷಧಿ ಹೊಲಿಯುವ ಕಿಣ್ವವನ್ನು ಕಟ್ಟಿಹಾಕುತ್ತದೆ, ಕತ್ತರಿ ಮಾತ್ರ ಓಡುತ್ತಲೇ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉದ್ದವಾದ ಕೋಶದ ನಡುವೆ ಗುಳ್ಳೆ ಎದ್ದು ಒಡೆಯುವುದು ಕಾಣುತ್ತದೆ. ಕ್ಲೋರಾಂಫೆನಿಕಾಲ್ ರೈಬೋಸೋಮ್ ಹಿಡಿದು ಪ್ರೋಟೀನ್ ತಯಾರಿಕೆ ನಿಲ್ಲಿಸುತ್ತದೆ. ಬೆಳವಣಿಗೆ ನಿಂತ ಮೇಲೆ ಕತ್ತರಿಗೂ ಕೆಲಸವಿಲ್ಲ.

ಪರೀಕ್ಷಿಸಲು ಸುಲಭ: ಆಂಪಿಸಿಲಿನ್ ಹಾಕಿ 2 ಗಂಟೆ ಬಿಟ್ಟು ಇನ್ನೊಂದನ್ನು ಹಾಕಿ. ಕೋಶಗಳ ಎಣಿಕೆಯ ರೇಖೆ ಮೊದಲು ಇಳಿದು ಆಮೇಲೆ ಮಟ್ಟಸವಾಗಬೇಕು. ಕ್ರಮ ತಿರುಗಿಸಿದರೆ ಶುರುವಿನಿಂದಲೇ ಮಟ್ಟಸ. ಆದರೆ ಇದನ್ನು ಎಲ್ಲ ರೋಗಾಣುವಿಗೂ ಅನ್ವಯಿಸಬೇಡಿ. ನ್ಯುಮೊಕಾಕಸ್‌ನಂಥವನ್ನು ಕ್ಲೋರಾಂಫೆನಿಕಾಲ್ ತಾನೇ ಕೊಲ್ಲಬಲ್ಲದು.

ಇದು ಟ್ಯೂಬಿನೊಳಗಿನ ವಿಚಿತ್ರ ಮಾತ್ರವೂ ಅಲ್ಲ. ನ್ಯುಮೊಕಾಕಸ್ ಮೆನಿಂಜೈಟಿಸ್‌ಗೆ (ಮಿದುಳಿನ ಪೊರೆಯ ಸೋಂಕು) ಪೆನಿಸಿಲಿನ್ ಜತೆ ಬೆಳವಣಿಗೆಯನ್ನಷ್ಟೇ ತಡೆಯುವ ಕ್ಲೋರ್‌ಟೆಟ್ರಾಸೈಕ್ಲಿನ್ ಕೊಟ್ಟವರಲ್ಲಿ ಸಾವು ಹೆಚ್ಚಾಗಿದ್ದು 1951ರಲ್ಲೇ ವರದಿಯಾಗಿದೆ.

ಉತ್ತರ 2:
ವಿವರಣೆ ಸರಿ, ಆದರೆ ನಿಮ್ಮ 400 ಮೇಲೆ ನನಗೆ ಅನುಮಾನ. 2 ಲಕ್ಷದ ಎಣಿಕೆ ಬಂದಿರುವುದು ನೂರು ಪಟ್ಟೋ ಹೆಚ್ಚೋ ತೆಳುಮಾಡಿದ ಪ್ಲೇಟಿನಿಂದ, ಅಲ್ಲಿ ಔಷಧಿ ಉಳಿದಿರುವುದಿಲ್ಲ. 400 ಬಂದಿರುವುದು ತೆಳುಮಾಡದ 0.1 ಮಿ.ಲೀ.ನಿಂದ. ಎಂಐಸಿ 8 ಇದ್ದರೆ 4 ಪಟ್ಟು ಎಂದರೆ ಮಿ.ಲೀ.ಗೆ 32 ಮೈಕ್ರೊಗ್ರಾಂ, ಅಂದರೆ 3.2 ಮೈಕ್ರೊಗ್ರಾಂ ಆಂಪಿಸಿಲಿನ್ ಅಗರ್ (ಪ್ಲೇಟಿನ ಪೋಷಕ ಜೆಲ್ಲಿ) ಮೇಲೂ ಹೋಯಿತು. ಬದುಕಿದ್ದ ಕೋಶವೂ ಅಲ್ಲಿ ಕಾಲೊನಿ (ಕಣ್ಣಿಗೆ ಕಾಣುವ ಕೋಶಗುಂಪು) ಕಟ್ಟದಿರಬಹುದು.

ಔಷಧಿ ಇರುವ ಮತ್ತು ಇಲ್ಲದ ಟ್ಯೂಬಿಗೆ ಮಿ.ಲೀ.ಗೆ ಸುಮಾರು 1000 ಕೋಶ ಹಾಕಿ, ತಕ್ಷಣ 0.1 ಮಿ.ಲೀ. ಹರಡಿ. ಕಾಲೊನಿ ಶೇ. 25ಕ್ಕಿಂತ ಹೆಚ್ಚು ಕಡಿಮೆಯಾದರೆ ಔಷಧಿ ಪ್ಲೇಟಿಗೂ ಬರುತ್ತಿದೆ.

10 ಪಟ್ಟು ತೆಳುಮಾಡಿ ತಪ್ಪಿಸಿಕೊಳ್ಳೋಣ ಅನ್ನಿಸುತ್ತದೆ, ಅಲ್ಲೇ ಎಡವುವುದು. ಪ್ಲೇಟಿಗೆ 30 ಕಾಲೊನಿಗಿಂತ ಕಡಿಮೆ ಎಣಿಕೆ ನಂಬಲರ್ಹವಲ್ಲ. ತೆಳುಮಾಡದೆ ಹರಡಿದರೆ ಮಿತಿ ಮಿ.ಲೀ.ಗೆ 300, ತೆಳುಮಾಡಿದರೆ 3000. ಶುರುವಿನ 5 ಲಕ್ಷದಲ್ಲಿ ಶೇ. 99.9 ಕೊಂದರೆ ಉಳಿಯುವುದೇ 500! ಸೆಂಟ್ರಿಫ್ಯೂಜ್ ಮಾಡಿ ಔಷಧಿ ತೊಳೆಯಿರಿ, ಇಲ್ಲವೇ ಆಂಪಿಸಿಲಿನ್ ಒಡೆಯುವ ಕಿಣ್ವ ಪೆನಿಸಿಲಿನೇಸ್ ಬಳಸಿ.

ಪ್ರಶ್ನೆ ಕೇಳಿದವರು:
ತೊಳೆದು ನೋಡುತ್ತೇನೆ. ಇನ್ನೊಂದು: ಆಂಪಿಸಿಲಿನ್ ಒಂದೇ ಇರುವ ಟ್ಯೂಬಿನಲ್ಲಿ 24 ಗಂಟೆಗೆ ಮತ್ತೆ ಬೆಳವಣಿಗೆ. ಜೋಡಿಯಿಂದ ಇದು ತಪ್ಪೀತೇ?

ಉತ್ತರ 3:
ಸರಿಯಾದ ಜೋಡಿಯಾದರೆ ತಪ್ಪಬಹುದು. ಎಂಟೆರೊಕಾಕಸ್‌ನಲ್ಲಿ ಆಂಪಿಸಿಲಿನ್ ಭಿತ್ತಿ ಸಡಿಲಿಸಿ ಜೆಂಟಾಮೈಸಿನ್‌ಗೆ ಒಳದಾರಿ ಮಾಡಿಕೊಡುತ್ತದೆ. ಅದರಲ್ಲೂ ತಳಿ ಮಿ.ಲೀ.ಗೆ 500 ಮೈಕ್ರೊಗ್ರಾಂ ಜೆಂಟಾಮೈಸಿನ್‌ನಲ್ಲೂ ಬೆಳೆದರೆ ಆ ಆಸೆ ಬಿಡಿ.

ನಿಮ್ಮ ವಿಷಯದಲ್ಲಿ ಮೊದಲು ಮರಳಿ ಬಂದ ಕಾಲೊನಿಯ ಎಂಐಸಿ ನೋಡಿ. 4 ಪಟ್ಟು ಅಥವಾ ಹೆಚ್ಚು ಏರಿದ್ದರೆ ನಿರೋಧಕ ತಳಿ ಆಯ್ಕೆಯಾಗಿದೆ. ಏರಿಲ್ಲವಾದರೆ ಔಷಧಿ ಕೆಟ್ಟು ಶಕ್ತಿ ಕಳೆದುಕೊಂಡಿರಬಹುದು, ಅಥವಾ ದ್ರವದ ಮಟ್ಟಕ್ಕಿಂತ ಮೇಲೆ ಗಾಜಿಗೆ ಸಿಡಿದು ಅಂಟಿದ ಹನಿಯಲ್ಲಿ ಕೋಶಗಳು ಔಷಧಿ ತಾಗದೆ ಉಳಿದಿರಬಹುದು. ಇನಾಕ್ಯುಲಮ್ (ಶುರುವಿನ ಕೋಶಗಳು) ಹಾಕುವಾಗ ಪಿಪೆಟ್ ತುದಿಯನ್ನು ದ್ರವದೊಳಗೆ ಮುಳುಗಿಸಿ ಬಿಡಿ, ಆಮೇಲೆ ಟ್ಯೂಬನ್ನು ಜೋರಾಗಿ ಅಲುಗಾಡಿಸಬೇಡಿ.